ಏಳುನೂರು ಮೋಡೆಮ್‌ಗಳ ಪೆಟ್ಟಿಗೆ

ಕಳೆದ ತಿಂಗಳು ನಮ್ಮ ಆಫೀಸಿನ ಲ್ಯಾಬಿನಲ್ಲಿ ಹಳೇ ಸಾಮಾನು ಖಾಲಿ ಮಾಡುವ ಕೆಲಸ ಇತ್ತು. ಇ-ವೇಸ್ಟ್‌ನವರು ಬರುವ ಮೊದಲು ಯಾವುದು ಬೇಕು, ಯಾವುದು ಬೇಡ ಅಂತ ಎಲ್ಲದಕ್ಕೂ ಚೀಟಿ ಅಂಟಿಸಬೇಕು. ಇಂಥ ಕೆಲಸಗಳು ಟೀಮಿನಲ್ಲಿ ಚಿಕ್ಕವರ ತಲೆಗೇ ಬರುವುದು ಲೋಕರೂಢಿ. ಹಾಗಾಗಿ ನನಗೆ ಬಂತು :)

ಮೂಲೆಯ ರ‍್ಯಾಕಿನಲ್ಲಿ ಧೂಳು ತಿನ್ನುತ್ತಾ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆ ಕೂತಿತ್ತು. ಪುಸ್ತಕದ ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ಅದರೊಳಗೆ ಕಾರ್ಡುಗಳು ಸಾಲಾಗಿ ನಿಂತಿದ್ದವು. ಒಬ್ಬನೇ ಅಲುಗಾಡಿಸಲು ನೋಡಿದೆ, ಆಗಲಿಲ್ಲ. ಲ್ಯಾಬ್ ನೋಡಿಕೊಳ್ಳುವ ಹಿರಿಯರೊಬ್ಬರು ಹಿಂದೆ ನಿಂತು ನಗುತ್ತಿದ್ದರು. "ಅದನ್ನ ಒಬ್ರೇ ಎತ್ತೋಕಾಗಲ್ಲ ಬಿಡಿ. ಅದರೊಳಗೆ ಏಳ್ನೂರು ಮೋಡೆಮ್ ಇದೆ ಗೊತ್ತಾ?" ಅಂದರು.

ಏಳುನೂರು ಮೋಡೆಮ್ಮೇ? ನನಗೆ ಗೊತ್ತಿದ್ದದ್ದು ಒಂದೇ ಮೋಡೆಮ್. ಧಾರವಾಡದಲ್ಲಿ ನಮ್ಮ ಸೋದರಮಾವನ ಡಿಟಿಪಿ ಅಂಗಡಿಯಲ್ಲಿ ಕಂಪ್ಯೂಟರಿನ ಪಕ್ಕ ಇರುತ್ತಿದ್ದ, ಕೆಂಪು ದೀಪಗಳ, ಕಪ್ಪು ಡಬ್ಬಿ. ನನಗಾಗ ಆರೋ ಏಳೋ ವರ್ಷ. ಅದು ಕಿರ್ರ್... ಕೀ... ಕುಂಯ್... ಅಂತ ಅರಚುವುದನ್ನು ಕೇಳಲೆಂದೇ ಅಂಗಡಿಗೆ ಹೋಗುತ್ತಿದ್ದೆ. ಮಾಮಾ ಪ್ರತಿ ಸಲ ಕನೆಕ್ಟ್ ಆದಾಗಲೂ ಮೂಲೆಯಲ್ಲಿ ಬರುವ ಸ್ಪೀಡ್ ನೋಡಿ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ತಾರೀಖು, ಎಷ್ಟು ನಿಮಿಷ, ಎಷ್ಟು ಸ್ಪೀಡ್. ಯಾಕೆ ಮಾಮಾ ಅಂದರೆ, "ಇವರು 56 ಅಂತ ಹೇಳಿ ರೊಕ್ಕಾ ತಗೊಂಡು ಮೋಸ ಮಾಡಾಕತ್ತಾರ ತಮ್ಮಾ, ಪುರಾವೆ ಇಡಬೇಕು" ಅನ್ನುತ್ತಿದ್ದ. ಆ ಪುಸ್ತಕದ ಕಥೆಗೆ ಆಮೇಲೆ ಬರುತ್ತೇನೆ.

ಪೆಟ್ಟಿಗೆಗೆ "ಬೇಡ" ಚೀಟಿ ಅಂಟಿಸಿದೆ, ಆದರೆ ತಲೆಯಿಂದ ಅದು ಹೋಗಲಿಲ್ಲ. ಒಂದೆರಡು ವಾರ ಅದರ ಹಳೆ ಕೈಪಿಡಿಗಳನ್ನು ಓದುತ್ತಾ ಕೂತೆ. ನಾವೆಲ್ಲ ಡಯಲ್-ಅಪ್ ಅಂದರೆ ಮನೆಯ ಮೋಡೆಮ್ ಬಗ್ಗೆ ಮಾತಾಡುತ್ತೇವೆ. ಫೋನ್ ಲೈನಿನ ಆ ತುದಿಯಲ್ಲಿ ನಮ್ಮ ಕರೆಯನ್ನು ಎತ್ತುತ್ತಿದ್ದದ್ದು ಯಾರು? ಅದರ ಚರಿತ್ರೆ ಮನೆಯ ಮೋಡೆಮ್‌ನ ಚರಿತ್ರೆಗಿಂತ ಸ್ವಾರಸ್ಯವಾಗಿದೆ ಅನ್ನಿಸಿತು. ಅದಕ್ಕೇ ಈ ಬರಹ. ಸ್ವಲ್ಪ ಉದ್ದವಾಗುತ್ತದೆ, ಕಾಫಿ ಮಾಡಿಕೊಂಡು ಬನ್ನಿ.

ಕಥೆ ಶುರುವಾಗುವುದು 1962ರಲ್ಲಿ, ಅಮೆರಿಕದ ಬೆಲ್ ಟೆಲಿಫೋನ್ ಸಂಸ್ಥೆಯಲ್ಲಿ. ಆ ಒಂದೇ ವರ್ಷದಲ್ಲಿ ಅಲ್ಲಿ ಎರಡು ಕೆಲಸ ಆದವು. ಒಂದು, ಬೆಲ್ 103 ಎಂಬ ಮೋಡೆಮ್. ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ಫೋನಿನಲ್ಲಿ ಕಳಿಸಬಹುದಾದ ಶಬ್ದವಾಗಿ ಬದಲಿಸುವ ಯಂತ್ರ. ವೇಗ ಸೆಕೆಂಡಿಗೆ 300 ಬಿಟ್. ಇನ್ನೊಂದು, ಟಿ1 ಎಂಬ ವ್ಯವಸ್ಥೆ. ಅದು ಇದರ ಪೂರಾ ತಿರುವು. ಮನುಷ್ಯರ ಮಾತನ್ನು ಸೊನ್ನೆ-ಒಂದು ಮಾಡಿ, 24 ಮಾತುಕತೆಗಳನ್ನು ಒಂದೇ ದಾರಿಯಲ್ಲಿ ಎಕ್ಸ್‌ಚೇಂಜಿನಿಂದ ಎಕ್ಸ್‌ಚೇಂಜಿಗೆ ಕಳಿಸುವ ಉಪಾಯ. ಮಾತನ್ನು ಸೆಕೆಂಡಿಗೆ 8000 ಸಲ ಅಳೆಯುವುದು, ಪ್ರತಿ ಅಳತೆಯನ್ನು 8 ಬಿಟ್‌ನಲ್ಲಿ ಬರೆಯುವುದು. 8000 × 8 = 64000. ಒಂದು ಫೋನ್ ಕರೆ ಅಂದರೆ 64 ಕಿಲೋಬಿಟ್. ಯೂರೋಪಿನವರು ಆಮೇಲೆ ಇದನ್ನೇ 32 ಖಾನೆಗಳ ಇ1 ಎಂದು ಮಾಡಿಕೊಂಡರು. ಅದರಲ್ಲಿ 30 ಖಾನೆ ಮಾತಿಗೆ, ಮಿಕ್ಕೆರಡು ಹೊಂದಾಣಿಕೆಗೆ ಮತ್ತು ಸಿಗ್ನಲಿಂಗ್‌ಗೆ. ನಮ್ಮ ದೇಶದಲ್ಲೂ ಇ1.

ಇಲ್ಲಿರುವ ತಮಾಷೆ ನೋಡಿ. ಮುಂದಿನ ಮೂವತ್ತು ವರ್ಷ ಎಕ್ಸ್‌ಚೇಂಜುಗಳು ಒಂದೊಂದಾಗಿ ಡಿಜಿಟಲ್ ಆಗುತ್ತಾ ಹೋದವು. ಮೋಡೆಮ್‌ಗಳು ಮಾತ್ರ ಅದು ಗೊತ್ತೇ ಇಲ್ಲದ ಹಾಗೆ ಅರಚುತ್ತಲೇ ಇದ್ದವು. ನಿಮ್ಮ ಕಂಪ್ಯೂಟರಿನ ಬಿಟ್ಟುಗಳು ಮೋಡೆಮ್‌ನಲ್ಲಿ ಶಬ್ದವಾದವು. ಆ ಶಬ್ದ ಎಕ್ಸ್‌ಚೇಂಜಿನಲ್ಲಿ ಮತ್ತೆ ಬಿಟ್ಟಾಯಿತು. ಆ ಕಡೆಯ ಎಕ್ಸ್‌ಚೇಂಜಿನಲ್ಲಿ ಪುನಃ ಶಬ್ದವಾಯಿತು. ಅಲ್ಲಿನ ಮೋಡೆಮ್‌ನಲ್ಲಿ ಕೊನೆಗೊಮ್ಮೆ ಬಿಟ್ಟಾಯಿತು. ಕನ್ನಡದ ಪುಸ್ತಕವನ್ನು ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ, ಮತ್ತೆ ಇಂಗ್ಲಿಷಿಗೆ, ಕೊನೆಗೆ ಕನ್ನಡಕ್ಕೆ ಅನುವಾದ ಮಾಡಿ ಓದಿದ ಹಾಗೆ. ಪ್ರತಿ ಅನುವಾದದಲ್ಲೂ ಒಂದಿಷ್ಟು ಸೋರುತ್ತದೆ. ಆ ಸೋರಿಕೆಯಿಂದಾಗಿಯೇ ಮೋಡೆಮ್ ವೇಗ 1990ರ ದಶಕದಲ್ಲಿ 33.6 ಕಿಲೋಬಿಟ್‌ಗೆ ಬಂದು ಗೋಡೆಗೆ ತಲೆ ಹೊಡೆದುಕೊಂಡು ನಿಂತಿತು.

ಆಗ ಐಎಸ್‌ಪಿಗಳ ಒಳಗೆ ಏನಿತ್ತು? ಅಮೆರಿಕದಲ್ಲಿ 1989ರಲ್ಲಿ "ದಿ ವರ್ಲ್ಡ್" ಎಂಬ ಕಂಪನಿ ಸಾಮಾನ್ಯ ಜನರಿಗೆ ಡಯಲ್-ಅಪ್ ಇಂಟರ್ನೆಟ್ ಮಾರಲು ಶುರು ಮಾಡಿತು. ಅದರ ಹಿಂದೆ ಅಲ್ಲಿ ಊರೂರಿಗೆ ಐಎಸ್‌ಪಿಗಳು ಹುಟ್ಟಿಕೊಂಡವು. ಎಷ್ಟೋ ಕಡೆ ಒಂದು ಕೋಣೆ, ಗೋಡೆಗೆ ಮರದ ಅಥವಾ ತಂತಿಯ ಶೆಲ್ಫು, ಶೆಲ್ಫಿನ ತುಂಬ ನಾವು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದಂಥವೇ ಮೋಡೆಮ್‌ಗಳು. ನೂರು ಮೋಡೆಮ್ ಅಂದರೆ ನೂರು ಫೋನ್ ಲೈನು, ನೂರು ಪವರ್ ಅಡಾಪ್ಟರು, ನೂರು ಸೀರಿಯಲ್ ಕೇಬಲ್ಲು. ಕೇಬಲ್ಲುಗಳೆಲ್ಲ ಹೋಗಿ ಸೇರುವುದು ಟರ್ಮಿನಲ್ ಸರ್ವರ್ ಎಂಬ ಡಬ್ಬಿಗೆ. ಕ್ಯಾಲಿಫೋರ್ನಿಯಾದ ಲಿವಿಂಗ್‌ಸ್ಟನ್ ಎಂಬ ಸಣ್ಣ ಕಂಪನಿಯ ಪೋರ್ಟ್‌ಮಾಸ್ಟರ್ ಇದರಲ್ಲಿ ಹೆಸರುವಾಸಿ. ಅದರ ಒಂದು ಮಾದರಿಗೆ 30 ಮೋಡೆಮ್ ಸಿಕ್ಕಿಸಬಹುದಿತ್ತು. (ನಮ್ಮ ಆಫೀಸುಗಳಲ್ಲಿ ವೈಫೈಗೆ ಲಾಗಿನ್ ಆಗುವಾಗ ಹಿಂದೆ ಕೆಲಸ ಮಾಡುವ ರೇಡಿಯಸ್ ಎಂಬ ಪ್ರೋಟೋಕಾಲ್ ಇದೆಯಲ್ಲ, ಅದನ್ನು 1991ರಲ್ಲಿ ಮಾಡಿದ್ದು ಇದೇ ಲಿವಿಂಗ್‌ಸ್ಟನ್. ಡಯಲ್ ಮಾಡಿದವನ ಪಾಸ್‌ವರ್ಡ್ ನೋಡಲಿಕ್ಕೆ ಮಾಡಿದ್ದು. ಡಯಲ್-ಅಪ್ ಸತ್ತರೂ ಅದು ಬದುಕಿದೆ.)

ಈ ಶೆಲ್ಫುಗಳಲ್ಲಿ ಒಂದು ಮೋಡೆಮ್ ಹ್ಯಾಂಗ್ ಆದರೆ ಯಾವುದೆಂದು ಹುಡುಕುವುದೇ ಹರಸಾಹಸ. ಹೊಸ ವೇಗದ ಮೋಡೆಮ್ ಬಂತೆಂದರೆ ನೂರನ್ನೂ ಕಿತ್ತು ಬೇರೆ ಹಾಕಬೇಕು.

ಹೀಗಿರುವಾಗ ಯಾರಿಗೋ ಹೊಳೆಯಿತು. ಫೋನ್ ಕಂಪನಿ ನಮಗೆ 24 ಬೇರೆ ಬೇರೆ ತಂತಿ ಕೊಡುವ ಬದಲು, ತನ್ನೊಳಗೆ ಇರುವ ಆ ಟಿ1 ಅನ್ನೇ ನೇರವಾಗಿ ಕೊಟ್ಟರೆ? ಶಬ್ದ ಮಾಡುವ, ಕೇಳುವ ಯಂತ್ರವೇ ಬೇಡ. ಬರುತ್ತಿರುವುದು ಸೆಕೆಂಡಿಗೆ 8000 ಸಂಖ್ಯೆಗಳು ಅಷ್ಟೇ. ಆ ಸಂಖ್ಯೆಗಳ ಮೇಲೆ ಲೆಕ್ಕ ಮಾಡಿ "ಇದು ಮೋಡೆಮ್ ಶಬ್ದ, ಇದರೊಳಗಿನ ಬಿಟ್ಟು ಇಂತಿಂಥದ್ದು" ಅಂತ ಹೇಳುವ ಒಂದು ಡಿಎಸ್‌ಪಿ ಚಿಪ್ ಇದ್ದರೆ ಸಾಕು. ಅದೇ ಡಿಜಿಟಲ್ ಮೋಡೆಮ್. ಅದಕ್ಕೆ ಸ್ಪೀಕರಿಲ್ಲ, ಫೋನ್ ಸಾಕೆಟ್ ಇಲ್ಲ. ಒಂದರ್ಥದಲ್ಲಿ ಅದು ಒಂದು ಪ್ರೋಗ್ರಾಂ. ಕ್ಯಾಲಿಫೋರ್ನಿಯಾದ ಅಲಮೇಡಾದಲ್ಲಿದ್ದ ಅಸೆಂಡ್ ಎಂಬ ಕಂಪನಿ ಮ್ಯಾಕ್ಸ್ ಎಂಬ ಪೆಟ್ಟಿಗೆ ಮಾಡಿ ಈ ದಾರಿಯಲ್ಲಿ ಬಹಳ ದುಡ್ಡು ಮಾಡಿತು. ಯು.ಎಸ್. ರೊಬಾಟಿಕ್ಸ್‌ನ ಟೋಟಲ್ ಕಂಟ್ರೋಲ್, ಸಿಸ್ಕೋದ ಎಎಸ್5200 ಎಲ್ಲ ಇದೇ ಜಾತಿ. ಎಎಸ್5200ಕ್ಕೆ ಎರಡು ಟಿ1 ಅಥವಾ ಎರಡು ಇ1 ಕೊಡಬಹುದಿತ್ತು. ಅಂದರೆ 48 ಅಥವಾ 60 ಜನ.

60 ಜನ ಸಾಕಾಗುವ ಕಾಲ ಬೇಗ ಮುಗಿಯಿತು.

1996ರ ಡಿಸೆಂಬರ್ 1ರಂದು ಅಮೆರಿಕ ಆನ್‌ಲೈನ್, ಅಂದರೆ ಎಒಎಲ್, ಗಂಟೆ ಲೆಕ್ಕದ ದರ ಬಿಟ್ಟು ತಿಂಗಳಿಗೆ 19.95 ಡಾಲರಿಗೆ ಎಷ್ಟು ಬೇಕಾದರೂ ಇಂಟರ್ನೆಟ್ ಕೊಡಲು ಶುರು ಮಾಡಿತು. ಅದಕ್ಕೂ ಮೊದಲು ಐದು ಗಂಟೆಗೆ 9.95 ಡಾಲರ್, ಮೇಲೆ ಪ್ರತಿ ಗಂಟೆಗೆ 2.95 ಡಾಲರ್ ಇತ್ತು. ಮೀಟರ್ ಓಡುತ್ತಿದ್ದಾಗ ಜನ ಮೇಲ್ ನೋಡಿ ಬೇಗ ಇಡುತ್ತಿದ್ದರು. ಮೀಟರ್ ನಿಂತ ಮೇಲೆ ಯಾಕೆ ಇಡಬೇಕು? ಆಗಿನ ಐಎಸ್‌ಪಿಗಳದ್ದು ಸುಮಾರು ಹತ್ತು ಗ್ರಾಹಕರಿಗೆ ಒಂದು ಮೋಡೆಮ್ ಎಂಬ ಅಂದಾಜು. ಎಲ್ಲರೂ ಒಟ್ಟಿಗೇ ಬರುವುದಿಲ್ಲ ಎಂಬ ನಂಬಿಕೆ ಅದರ ಹಿಂದೆ. ಇದರ ಗಣಿತವನ್ನು ಎರ್ಲಾಂಗ್ ಎಂಬ ಡೆನ್ಮಾರ್ಕಿನ ಎಂಜಿನಿಯರ್ 1917ರಲ್ಲೇ ಬರೆದಿಟ್ಟಿದ್ದ. ಆದರೆ ಅವನ ಲೆಕ್ಕಕ್ಕೆ ಒಂದು ಕರೆ ಸರಾಸರಿ ಎಷ್ಟು ಹೊತ್ತು ನಡೆಯುತ್ತದೆ ಎಂದು ಗೊತ್ತಿರಬೇಕು. ಅದೇ ತಲೆಕೆಳಗಾಯಿತು. ಡಯಲ್ ಮಾಡಿದರೆ ಎಂಗೇಜ್, ಮತ್ತೆ ಮಾಡಿದರೆ ಎಂಗೇಜ್. ಒಮ್ಮೆ ಸಿಕ್ಕರೆ ಜನ ಬಿಡುತ್ತಿರಲಿಲ್ಲ, ಮತ್ತೆ ಸಿಗುತ್ತದೋ ಇಲ್ಲವೋ! ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಸೀಟಿಗೆ ಕರ್ಚೀಫ್ ಹಾಕುವ ಹಾಗೆ, ಊಟಕ್ಕೆ ಹೋಗುವಾಗಲೂ ಲೈನ್ ಹಿಡಿದಿಟ್ಟೇ ಹೋಗುತ್ತಿದ್ದರು. ಅದರಿಂದ ಇನ್ನಷ್ಟು ಎಂಗೇಜ್. 1997ರ ಜನವರಿಯಲ್ಲಿ ಹಲವು ರಾಜ್ಯಗಳ ಅಟಾರ್ನಿ ಜನರಲ್‌ಗಳು ಮಧ್ಯೆ ಬಂದು, ಗ್ರಾಹಕರಿಗೆ ದುಡ್ಡು ವಾಪಸು ಕೊಡಲು ಕಂಪನಿ ಒಪ್ಪಬೇಕಾಯಿತು. ಮೋಡೆಮ್ ಮತ್ತಿತರ ವ್ಯವಸ್ಥೆ ಹೆಚ್ಚಿಸಲು 35 ಕೋಟಿ ಡಾಲರ್ ಹಾಕುತ್ತೇವೆ ಎಂದೂ ಅದು ಹೇಳಿತು.

ಅಷ್ಟು ಮೋಡೆಮ್ ಇಡುವುದೆಲ್ಲಿ? ಎಕ್ಸ್‌ಚೇಂಜ್ ಕಟ್ಟಡದಲ್ಲಿ ಜಾಗಕ್ಕೆ ಬಾಡಿಗೆ ಇದೆ, ಕರೆಂಟಿಗೆ ಲೆಕ್ಕ ಇದೆ. ಹೀಗಾಗಿ "ಒಂದು ರ‍್ಯಾಕಿಗೆ ಎಷ್ಟು ಕರೆ" ಎಂಬುದೇ ಸ್ಪರ್ಧೆಯಾಯಿತು. ಅಸೆಂಡ್ ಮ್ಯಾಕ್ಸ್ ಟಿಎನ್‌ಟಿ ಎಂಬ ದೊಡ್ಡಣ್ಣನನ್ನು ತಂದಿತು. ಸಿಸ್ಕೋ 1998ರ ಹೊತ್ತಿಗೆ ತಂದದ್ದು ಎಎಸ್5800. ನಮ್ಮ ಲ್ಯಾಬಿನ ಮೂಲೆಯಲ್ಲಿ ಕೂತಿದ್ದ ಮಹಾಶಯ ಇವನೇ.

ಸರಿ, ಈಗ ಮುಚ್ಚಳ ತೆಗೆಯೋಣ.

ಎಎಸ್5800 ನೋಡಲು ಒಂದು ಯಂತ್ರವಾದರೂ ನಿಜಕ್ಕೆ ಎರಡು. ಕೆಳಗಿನ ದೊಡ್ಡದು ಡಯಲ್ ಶೆಲ್ಫ್, ಅದರ ಜೊತೆಗೆ 7206 ಎಂಬ ಮಾಮೂಲಿ ರೂಟರ್. ಎರಡರ ನಡುವೆ ಒಂದು ಕೇಬಲ್. ಫೋನಿನ ಲೋಕ ಡಯಲ್ ಶೆಲ್ಫಿನಲ್ಲಿ, ಇಂಟರ್ನೆಟ್ಟಿನ ಲೋಕ ರೂಟರಿನಲ್ಲಿ. ಹೊಸದಾಗಿ ದೊಡ್ಡ ಯಂತ್ರ ಕಟ್ಟುವ ಬದಲು ಗೊತ್ತಿದ್ದ ರೂಟರಿಗೇ ಒಂದು ಫೋನ್ ಕಪಾಟು ಜೋಡಿಸಿದರು. ಎಂಜಿನಿಯರ್ ಆಗಿ ನನಗೆ ಇದು ಇಷ್ಟವಾಯಿತು, ಸೋಮಾರಿತನದಂತೆ ಕಂಡರೂ ಇದು ಜಾಣತನ.

ಡಯಲ್ ಶೆಲ್ಫಿಗೆ 14 ಸ್ಲಾಟುಗಳು. ಅದರಲ್ಲಿ ಕೊನೆಯ ಎರಡು ಕಂಟ್ರೋಲರ್ ಕಾರ್ಡಿಗೆ, ಒಂದು ಕೆಲಸಕ್ಕೆ, ಇನ್ನೊಂದು ಮೊದಲನೆಯದು ಸತ್ತರೆ ಎಂದು. ಉಳಿದ 12ರಲ್ಲಿ ಎರಡು ಜಾತಿಯ ಕಾರ್ಡು: ಹೊರಗಿನಿಂದ ಫೋನ್ ಲೈನ್ ತರುವ ಟ್ರಂಕ್ ಕಾರ್ಡು, ಮತ್ತು ಮೋಡೆಮ್ ಕಾರ್ಡು. ಒಂದು ಟ್ರಂಕ್ ಕಾರ್ಡಿಗೆ 12 ಟಿ1. 12 × 24 ಅಂದರೆ 288 ಕರೆ. ಒಂದು ಮೋಡೆಮ್ ಕಾರ್ಡಿನಲ್ಲಿ 12 ಪುಟ್ಟ ಹಲಗೆಗಳು, ಒಂದೊಂದರಲ್ಲಿ 6 ಮೋಡೆಮ್, ಒಟ್ಟು 72. ನಾಲ್ಕು ಮೋಡೆಮ್ ಕಾರ್ಡಿಗೆ ಸರಿಯಾಗಿ 288! ಇ1 ಆದರೆ 12 × 30, ಅಂದರೆ 360, ಸರಿಯಾಗಿ ಐದು ಕಾರ್ಡು. 72 ಎಂಬ ಸಂಖ್ಯೆ 24ಕ್ಕೂ ಜಗ್ಗುತ್ತದೆ, 360ಕ್ಕೂ ಜಗ್ಗುತ್ತದೆ. ಯಾರೋ ಕಾಗದದ ಮೇಲೆ ಚೆನ್ನಾಗಿ ಲೆಕ್ಕ ಹಾಕಿ ಇಟ್ಟ ಹಾಗಿದೆ. ಹತ್ತು ಮೋಡೆಮ್ ಕಾರ್ಡು ಹಾಕಿದರೆ 720. ಲ್ಯಾಬಿನ ಹಿರಿಯರು ಹೇಳಿದ ಏಳುನೂರು ಇದೇ. ಆಮೇಲೆ ಹಲಗೆಗೆ 12 ಮೋಡೆಮ್ ತುಂಬಿ ಕಾರ್ಡಿಗೆ 144 ಮಾಡಿದರು. ಕೊನೆಕೊನೆಗೆ ಒಂದೇ ಕಾರ್ಡಿನಲ್ಲಿ 324. ಟಿ1 ತಂತಿಗಳ ಬದಲು ಟಿ3 ಎಂಬ ಒಂದೇ ಕೋಆಕ್ಸ್ ಜೋಡಿಯಲ್ಲಿ 28 ಟಿ1, ಅಂದರೆ 672 ಕರೆ, ಬರುವ ಟ್ರಂಕ್ ಕಾರ್ಡೂ ಬಂತು. ಶೆಲ್ಫಿನ ತುಂಬ ಕೇಬಲ್ ಇದ್ದ ಕೋಣೆಯನ್ನು ನೆನಪಿಸಿಕೊಳ್ಳಿ. ಅಂಥ ಏಳು ಕೋಣೆಯ ಮೋಡೆಮ್‌ಗಳು ಎರಡು ಕೋಆಕ್ಸ್ ತಂತಿಯ ತುದಿಯಲ್ಲಿ!

ಕರೆ ಬಂದಾಗ ಏನಾಗುತ್ತದೆ? ಟ್ರಂಕಿನಲ್ಲಿ ಒಂದು ಖಾನೆ ಮಾತಿಗಲ್ಲದೆ ಸಂದೇಶಕ್ಕೆ ಮೀಸಲು. ಎಕ್ಸ್‌ಚೇಂಜ್ ಅದರಲ್ಲಿ "17ನೇ ಖಾನೆಯಲ್ಲಿ ಒಂದು ಕರೆ ಇದೆ, ಎತ್ತುತ್ತೀಯಾ?" ಎಂದು ಕೇಳುತ್ತದೆ. ಆ ಸಂದೇಶ ರೂಟರ್ ತನಕ ಹೋಗುತ್ತದೆ. ರೂಟರ್ ಖಾಲಿ ಮೋಡೆಮ್ ಒಂದನ್ನು ಆರಿಸುತ್ತದೆ. ಶೆಲ್ಫಿನ ಬೆನ್ನಿಗಿರುವ ಬ್ಯಾಕ್‌ಪ್ಲೇನಿನಲ್ಲಿ ಆ 17ನೇ ಖಾನೆಗೂ ಆ ಮೋಡೆಮ್‌ಗೂ ಗಂಟು ಬೀಳುತ್ತದೆ. ಯಾವ ಕಾರ್ಡಿನ ಕರೆ ಯಾವ ಕಾರ್ಡಿನ ಮೋಡೆಮ್‌ಗೆ ಬೇಕಾದರೂ ಹೋಗಬಹುದು, ಹಳೆ ಶೆಲ್ಫುಗಳ ಹಾಗೆ ಈ ಲೈನಿಗೆ ಈ ಮೋಡೆಮ್ಮೇ ಎಂಬ ಹಣೆಬರಹ ಇಲ್ಲ. ಒಂದು ಮೋಡೆಮ್ ಕೆಟ್ಟರೆ ಸುಮ್ಮನೆ ಪಟ್ಟಿಯಿಂದ ತೆಗೆದರಾಯಿತು. ಆಮೇಲೆ ನಮಗೆ ಗೊತ್ತಿರುವ ಕಿರ್ರ್ ಕೀ ಕುಂಯ್. ಅದು ಕೇಳಿಸುವುದು ನಮ್ಮ ತುದಿಯಲ್ಲಿ ಮಾತ್ರ. ಆ ತುದಿಯಲ್ಲಿ ಏಳುನೂರು ಜನರ ಕಿರುಚಾಟ ಪೂರ್ತಿ ನಿಶ್ಶಬ್ದದಲ್ಲಿ ನಡೆಯುತ್ತದೆ. (ಅಂದರೆ ಫ್ಯಾನಿನ ಸದ್ದು ಬಿಟ್ಟು. ಮೇಲೆ ಕೂತ ಬ್ಲೋವರ್ ಶುರುವಾದರೆ ಪಕ್ಕದವರ ಮಾತು ಕೇಳುತ್ತಿರಲಿಲ್ಲವಂತೆ.)

ಇದಕ್ಕೆ ಬೇಕಾದ ಕರೆಂಟೂ ಮನೆಯ ಕರೆಂಟಲ್ಲ. ಮೈನಸ್ 48 ವೋಲ್ಟ್ ಡಿಸಿ. ಟೆಲಿಫೋನ್ ಎಕ್ಸ್‌ಚೇಂಜುಗಳು ಮೊದಲಿನಿಂದಲೂ ಬ್ಯಾಟರಿ ಸಾಲುಗಳ ಮೇಲೆ ನಡೆಯುವುದು, ಊರಿಗೆ ಕರೆಂಟ್ ಹೋದರೂ ಫೋನ್ ಹೋಗುತ್ತಿರಲಿಲ್ಲವಲ್ಲ, ಅದಕ್ಕೇ. ಪ್ಲಸ್ ತುದಿಯನ್ನು ನೆಲಕ್ಕೆ ಕಟ್ಟಿ ಮೈನಸ್ ಇಟ್ಟರೆ ತೇವದಲ್ಲಿರುವ ತಾಮ್ರದ ತಂತಿ ಬೇಗ ತಿನ್ನಿಸಿಕೊಳ್ಳುವುದಿಲ್ಲ. ಇಂಟರ್ನೆಟ್ ಯಂತ್ರವಾದರೂ ಎಕ್ಸ್‌ಚೇಂಜಿನಲ್ಲಿ ಬಾಳಬೇಕಾದರೆ ಎಕ್ಸ್‌ಚೇಂಜಿನ ಊಟವನ್ನೇ ಉಣ್ಣಬೇಕು. ಎಸಿ ಬೇಕೆನ್ನುವವರಿಗೆ ಬೇರೆಯೇ ಒಂದು ಪವರ್ ಶೆಲ್ಫ್ ಇತ್ತು.

ಈ ಯಂತ್ರದಲ್ಲಿ ನನಗೆ ಬಹಳ ಹಿಡಿಸಿದ ವಿಷಯ ಮಾತ್ರ ಗಡಿಯಾರ. ಕಂಟ್ರೋಲರ್ ಕಾರ್ಡಿನ ಒಂದು ಮುಖ್ಯ ಕೆಲಸ ಇಡೀ ಶೆಲ್ಫಿಗೆ ತಾಳ ಹಾಕುವುದು. ಟಿ1ನಲ್ಲಿ ಸೆಕೆಂಡಿಗೆ 8000 ಚೌಕಟ್ಟುಗಳು ಬರುತ್ತವೆ. ಎಕ್ಸ್‌ಚೇಂಜಿನ ಗಡಿಯಾರ ಮತ್ತು ನಮ್ಮ ಪೆಟ್ಟಿಗೆಯ ಗಡಿಯಾರದ ನಡುವೆ ಹತ್ತು ಲಕ್ಷದಲ್ಲಿ ಒಂದು ಪಾಲು ವ್ಯತ್ಯಾಸ ಇದ್ದರೂ ಸಾಕು, ಪ್ರತಿ 125 ಸೆಕೆಂಡಿಗೆ ಒಂದು ಚೌಕಟ್ಟು ಜಾಸ್ತಿಯಾಗುತ್ತದೆ ಇಲ್ಲವೇ ಕಳೆದುಹೋಗುತ್ತದೆ. ಇದಕ್ಕೆ ಸ್ಲಿಪ್ ಅನ್ನುತ್ತಾರೆ. ಮಾತಾಡುವವರಿಗೆ ಒಂದು ಸಣ್ಣ "ಟಿಕ್" ಕೇಳಿಸಬಹುದು, ಅದೂ ಇಲ್ಲದಿರಬಹುದು. ಮೋಡೆಮ್‌ಗೆ ಮಾತ್ರ ಕಾಲ ಕೆಳಗಿನ ನೆಲವೇ ಸರಿದ ಹಾಗೆ. ಅದು ತಡವರಿಸುತ್ತದೆ, ಮತ್ತೆ ಮೊದಲಿನಿಂದ ಹೊಂದಾಣಿಕೆ ಶುರು ಮಾಡುತ್ತದೆ, ಬಹಳ ಸಲ ಆದರೆ ಕರೆಯನ್ನೇ ಬಿಡುತ್ತದೆ.

ಲ್ಯಾಬಿನ ಹಿರಿಯರು ಮೊದಲು ಒಂದು ಐಎಸ್‌ಪಿಯಲ್ಲಿ ಇದ್ದವರು (ಹೆಸರು ಬೇಡ). ಅಲ್ಲಿ ಒಂದು ವಾರ ಗ್ರಾಹಕರ ಬೈಗುಳವೋ ಬೈಗುಳ. ಕನೆಕ್ಟ್ ಆಗುತ್ತದೆ, ಎರಡು ನಿಮಿಷಕ್ಕೆ ಒದ್ದಾಡುತ್ತದೆ. ಮೋಡೆಮ್ ಕಾರ್ಡು ಬದಲಿಸಿದರು, ಟ್ರಂಕ್ ಕಾರ್ಡು ಬದಲಿಸಿದರು, ಎಕ್ಸ್‌ಚೇಂಜಿನವರ ಜೊತೆ ಜಗಳ ಆಡಿದರು. ಅದೇ ಲೈನಿನಲ್ಲಿ ಮಾತಾಡಿ ನೋಡಿದರೆ ಮಾತು ಸ್ವಚ್ಛವಾಗಿ ಕೇಳುತ್ತದೆ, "ನಿಮ್ಮದೇ ತಪ್ಪು" ಅಂದರು ಅವರು. ಅವರು ಹೇಳಿದ್ದೇ ನಿಜ. ತಾಳವನ್ನು ಟ್ರಂಕಿನಿಂದ ತೆಗೆದುಕೋ ಎಂಬ ಒಂದು ಸಾಲು ಕಾನ್ಫಿಗರೇಶನ್‌ನಲ್ಲಿ ಬಿಟ್ಟುಹೋಗಿ, ಪೆಟ್ಟಿಗೆ ತನ್ನದೇ ಗಡಿಯಾರ ನಂಬಿಕೊಂಡು ಕೂತಿತ್ತು. ಆ ಸಾಲು ಹಾಕಿದ ಮೇಲೆ ಊರೆಲ್ಲ ಶಾಂತ. "ಅವತ್ತಿಂದ ಏನೇ ಕೆಟ್ಟರೂ ನಾನು ಮೊದಲು ಗಡಿಯಾರ ನೋಡ್ತೀನಿ" ಅಂದರು. ಸಾಫ್ಟ್‌ವೇರಿನವನಾದ ನನಗೂ ಈ ಚಟ ಅಂಟಿಕೊಳ್ಳುವ ಲಕ್ಷಣ ಇದೆ.

ಈಗ ಮಾಮನ 56ಕ್ಕೆ ಬರೋಣ.

ಐಎಸ್‌ಪಿ ಕಡೆ ಇಂಥ ಡಿಜಿಟಲ್ ಪೆಟ್ಟಿಗೆಗಳು ಬಂದಿದ್ದರಿಂದ ಯಾರೂ ಮೊದಲು ಅಂದುಕೊಳ್ಳದ ಒಂದು ಬಾಗಿಲು ತೆರೆಯಿತು. ಬ್ರೆಂಟ್ ಟೌನ್‌ಶೆಂಡ್ ಎಂಬ ಕೆನಡಾದ ಎಂಜಿನಿಯರ್ 1990ರ ದಶಕದ ಮಧ್ಯದಲ್ಲಿ ಇದನ್ನು ಹಿಡಿದ. ಮೊದಲು ಹೇಳಿದ ಅನುವಾದದ ಉದಾಹರಣೆ ನೆನಪಿದೆಯೇ? ಸೋರಿಕೆ ಆಗುವುದು ಶಬ್ದವನ್ನು ಸಂಖ್ಯೆ ಮಾಡುವಾಗ, ಅಂದರೆ ಅಳತೆಯನ್ನು 256 ಮಟ್ಟಗಳಲ್ಲಿ ಹತ್ತಿರದ ಒಂದಕ್ಕೆ ಒತ್ತಿ ಕೂರಿಸುವಾಗ. ಆದರೆ ಐಎಸ್‌ಪಿಯಿಂದ ಮನೆ ಕಡೆಗೆ ಬರುವ ದಾರಿಯಲ್ಲಿ ಆ ಹೆಜ್ಜೆಯೇ ಈಗ ಇಲ್ಲ! ಪೆಟ್ಟಿಗೆ ತನಗೆ ಬೇಕಾದ 8 ಬಿಟ್‌ಗಳನ್ನು ನೇರವಾಗಿ ಖಾನೆಯೊಳಗೆ ಇಡುತ್ತದೆ. ಅದು ಮುಟ್ಟದೆ, ಬದಲಾಗದೆ ಗ್ರಾಹಕನ ಎಕ್ಸ್‌ಚೇಂಜ್ ತನಕ ಬರುತ್ತದೆ. ಅಲ್ಲಿ ಒಂದೇ ಒಂದು ಸಲ ವೋಲ್ಟೇಜ್ ಆಗಿ ತಂತಿಗೆ ಇಳಿಯುತ್ತದೆ. ಮನೆಯ ಮೋಡೆಮ್ ಸೆಕೆಂಡಿಗೆ 8000 ಸಲ ಆ ವೋಲ್ಟೇಜ್ ನೋಡಿ ಯಾವ ಮಟ್ಟ ಅಂತ ಗುರುತಿಸಿದರೆ ಮುಗಿಯಿತು. 256 ಮಟ್ಟಗಳನ್ನೂ ಗುರುತಿಸುವುದು ಕಷ್ಟ, ಚಿಕ್ಕವು ತೀರಾ ಒತ್ತೊತ್ತಾಗಿವೆ. ಅಮೆರಿಕದ ಟಿ1ಗಳಲ್ಲಿ ಒಂದು ಬಿಟ್ಟನ್ನು ಸಿಗ್ನಲಿಂಗ್‌ಗೆ ಆಗಾಗ ಕದಿಯುವ ಪದ್ಧತಿಯೂ ಇತ್ತು. ಹಾಗಾಗಿ 8ರ ಬದಲು 7 ಬಿಟ್. 8000 × 7 = 56000. ಅದೇ 56ಕೆ.

ಮನೆಯಿಂದ ಹೊರಡುವ ದಾರಿಯಲ್ಲಿ ಎಕ್ಸ್‌ಚೇಂಜ್ ಶಬ್ದವನ್ನು ಅಳೆಯಲೇಬೇಕು, ಆದ್ದರಿಂದ ಆಗ ಆ ಕಡೆಗೆ 33.6 ದಾಟಲಿಲ್ಲ. ನಾವು 56ಕೆ ಮೋಡೆಮ್ ಕೊಂಡಾಗ ವೇಗ ನಮ್ಮ ಡಬ್ಬಿಯಿಂದ ಬಂತು ಅಂದುಕೊಂಡೆವು. ಅದು ಬಂದದ್ದು ಆ ತುದಿಯ ಪೆಟ್ಟಿಗೆ ಫೋನಿನ ಗ್ರಾಹಕನಾಗಿರುವುದನ್ನು ಬಿಟ್ಟು ಫೋನ್ ಜಾಲದ ಒಳಗಿನವನೇ ಆದದ್ದರಿಂದ. ನನ್ನ ಪ್ರಕಾರ ಡಯಲ್-ಅಪ್ ಚರಿತ್ರೆಯ ತಿರುಳು ಇದೇ, ಆದರೆ ಯಾವ ಮೋಡೆಮ್‌ನ ರಟ್ಟಿನ ಡಬ್ಬಿಯ ಮೇಲೂ ಇದನ್ನು ಬರೆದಿರಲಿಲ್ಲ!

1997ರಲ್ಲಿ ಇದಕ್ಕೆ ಎರಡು ಪಂಗಡ ಹುಟ್ಟಿದವು. ಯು.ಎಸ್. ರೊಬಾಟಿಕ್ಸ್‌ನ ಎಕ್ಸ್2 ಒಂದು ಕಡೆ, ರಾಕ್‌ವೆಲ್ ಮತ್ತು ಲೂಸೆಂಟ್‌ನ ಕೆ56ಫ್ಲೆಕ್ಸ್ ಇನ್ನೊಂದು ಕಡೆ. ಒಂದರ ಭಾಷೆ ಇನ್ನೊಂದಕ್ಕೆ ಬಾರದು. 1998ರಲ್ಲಿ ವಿ.90 ಎಂಬ ಒಂದೇ ಮಾನಕ ಬಂದು ಜಗಳ ಮುಗಿಯಿತು. ಶೆಲ್ಫಿನಲ್ಲಿ ನೂರು ಡಬ್ಬಿ ಇಟ್ಟಿದ್ದವರು ಡಬ್ಬಿ ಬದಲಿಸಬೇಕಿತ್ತು. ಎಎಸ್5800ನಂಥ ಪೆಟ್ಟಿಗೆ ಇದ್ದವರು ಡಿಎಸ್‌ಪಿಗಳಿಗೆ ಹೊಸ ಪ್ರೋಗ್ರಾಂ ಸುರಿದರು, ಅಷ್ಟೇ.

ನಮ್ಮ ದೇಶಕ್ಕೆ ಇದೆಲ್ಲ ತಲುಪಿದ್ದು ಹೇಗೆ? ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಮೊದಲ ದಿನಗಳು ಹೇಗಿದ್ದವೆಂದರೆ ಅಂದಿನ ಮುಖ್ಯಸ್ಥ ಬಿ.ಕೆ. ಸಿಂಗಲ್ ಅವರೇ ಎಡವಿದ್ದೇವೆಂದು ಬಹಿರಂಗವಾಗಿ ಒಪ್ಪಿಕೊಂಡರು. ಸಾಲದ ಮೋಡೆಮ್, ಕೆಟ್ಟ ಲೈನು, ಹಳೆ ಎಕ್ಸ್‌ಚೇಂಜು. ಎಒಎಲ್‌ಗೆ ಒಂದೂವರೆ ವರ್ಷದ ನಂತರ ಬಂದ ಜ್ವರ ನಮಗೆ ಮೊದಲೇ ಬಂದಿತ್ತು ಅನ್ನಬಹುದು :) 1998ರ ನವೆಂಬರಿನಲ್ಲಿ ಖಾಸಗಿ ಐಎಸ್‌ಪಿಗಳಿಗೆ ಅವಕಾಶ ಸಿಕ್ಕಿತು. 172 ಎಂದು ಶುರುವಾಗುವ ನಂಬರುಗಳು ನಿಮಗೆ ನೆನಪಿರಬಹುದು.

ಆದರೆ 56ಕೆಗೆ ಒಂದು ಷರತ್ತು ಇತ್ತು. ಎಕ್ಸ್‌ಚೇಂಜಿನಿಂದ ಮನೆಗೆ ಬರುವ ಕೊನೆಯ ತಂತಿ ಬಿಟ್ಟು ನಡುವೆ ಎಲ್ಲೂ ಅನಲಾಗ್ ತುಂಡು ಇರಬಾರದು. ಒಂದೇ ಒಂದು ಇದ್ದರೂ ಮೋಡೆಮ್‌ಗಳು ಅದನ್ನು ಕಂಡುಹಿಡಿದು ತೆಪ್ಪಗೆ ಹಳೆ 33.6ರ ಭಾಷೆಗೆ ಇಳಿಯುತ್ತವೆ. ಧಾರವಾಡದಂಥ ಊರಿನಲ್ಲಿ ಡಿಜಿಟಲ್ ಎಕ್ಸ್‌ಚೇಂಜು, ತೊಂದರೆ ಇಲ್ಲ. ಹಳ್ಳಿಗಳಲ್ಲಿ?

ನಮ್ಮ ಅಜ್ಜನ ಊರು ಕಿತ್ತೂರಿನ ಹತ್ತಿರ. ಕಿತ್ತೂರು ಅಂದರೆ ಎಲ್ಲರಿಗೂ ಚೆನ್ನಮ್ಮ ನೆನಪಾಗುತ್ತಾಳೆ. ಟೆಲಿಕಾಂನವರಿಗೆ ಇನ್ನೊಂದು ಕಾರಣಕ್ಕೆ ನೆನಪಾಗಬೇಕು. 1984ರಲ್ಲಿ ಶುರುವಾದ ಸಿ-ಡಾಟ್, ಹಳ್ಳಿಗಳಿಗೆಂದೇ ಮಾಡಿದ 128 ಪೋರ್ಟಿನ ಎಕ್ಸ್‌ಚೇಂಜನ್ನು 1986ರಲ್ಲಿ ಮೊದಲು ಕೂರಿಸಿದ್ದು ಕಿತ್ತೂರಿನಲ್ಲಿ. ಅದರ ದೊಡ್ಡ ಗುಣ ಏನೆಂದರೆ ಹವಾನಿಯಂತ್ರಣ ಬೇಡ. ಬಿಸಿಲು, ಧೂಳು ತಡೆದುಕೊಂಡು ಸಾದಾ ಕೋಣೆಯಲ್ಲಿ ನಡೆಯುತ್ತಿತ್ತು. ಅಮೆರಿಕದ ಪೆಟ್ಟಿಗೆ 720 ಕರೆಗೆ ದೊಡ್ಡ ಬ್ಲೋವರ್ ಹೊತ್ತು ಕೂತಿದ್ದನ್ನು ನೋಡಿ ಬಂದವನಿಗೆ ಇದರ ಮೇಲೆ ಗೌರವ ಹೆಚ್ಚಾಗುತ್ತದೆ. ಇಂಥ ಪುಟ್ಟ ಎಕ್ಸ್‌ಚೇಂಜುಗಳು ಒಳಗೆ ಡಿಜಿಟಲ್ಲೇ. ಆದರೆ ಅವನ್ನು ದೊಡ್ಡ ಊರಿಗೆ ಜೋಡಿಸುವ ಟ್ರಂಕ್ ಅನಲಾಗ್ ಆಗಿದ್ದರೆ ಷರತ್ತು ಮುರಿದ ಹಾಗೆಯೇ. ಮಾತಿಗೆ ಇದರಿಂದ ಏನೂ ತೊಂದರೆ ಇಲ್ಲ. ಅದನ್ನು ಮಾಡಿದ್ದೇ ಮಾತಿಗೆ, 56ಕೆ ಎಂಬುದು ಆಗ ಯಾರ ಕನಸಿನಲ್ಲೂ ಇರಲಿಲ್ಲ.

ಪೆಟ್ಟಿಗೆಗಳ ಮುಂದಿನ ಕಥೆ ಬೇಗ ಮುಗಿಸುತ್ತೇನೆ. 1999ರಲ್ಲಿ ಲೂಸೆಂಟ್ ಸುಮಾರು 2000 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಅಸೆಂಡನ್ನು ಕೊಂಡಿತು. ಒಂದೆರಡು ವರ್ಷದಲ್ಲಿ ಡಾಟ್‌ಕಾಂ ಗುಳ್ಳೆ ಒಡೆದು ಲೂಸೆಂಟೇ ತತ್ತರಿಸಿತು. ಮೋಡೆಮ್‌ಗಳ ಡಿಎಸ್‌ಪಿಗೆ ಎರಡನೇ ಜನ್ಮವೂ ಸಿಕ್ಕಿತು. ಅದೇ ಚಿಪ್ಪಿಗೆ ಬೇರೆ ಪ್ರೋಗ್ರಾಂ ಹಾಕಿದರೆ ಮಾತನ್ನೇ ಐಪಿ ಪ್ಯಾಕೆಟ್ ಮಾಡುತ್ತದೆ. ಇಂಥ ಗೇಟ್‌ವೇಗಳಿಂದ ವಿದೇಶದ ಕರೆಗಳು ಅಗ್ಗವಾದವು, ಅಮೆರಿಕದಲ್ಲಿದ್ದ ಮಗ ಹುಬ್ಬಳ್ಳಿಯ ಅವ್ವನ ಜೊತೆ ಗಡಿಯಾರ ನೋಡದೆ ಮಾತಾಡುವಂತಾದದ್ದರಲ್ಲಿ ಇವುಗಳ ಪಾಲೂ ಇದೆ. ನಮ್ಮಲ್ಲಿ ಇಂಟರ್ನೆಟ್ ಟೆಲಿಫೋನಿ ಕಾನೂನುಬದ್ಧವಾದದ್ದು 2002ರ ಏಪ್ರಿಲ್ 1ರಂದು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂತು. ಅದೇ ತಾಮ್ರದ ತಂತಿ, ಆದರೆ ಫೋನ್ ಕರೆಯೇ ಇಲ್ಲ, ಎತ್ತುವವರೂ ಬೇಡ. ಎಂಗೇಜ್ ಎಂಬ ಶಬ್ದವೇ ಇಂಟರ್ನೆಟ್ಟಿನಿಂದ ಮಾಯವಾಯಿತು. ಎಒಎಲ್ ತನ್ನ ಡಯಲ್-ಅಪ್ ಸೇವೆಯನ್ನು ನಿಲ್ಲಿಸಿದ್ದು 2025ರ ಸೆಪ್ಟೆಂಬರ್ 30ರಂದು. ಅಲ್ಲಿಯವರೆಗೂ ನಡೆಯುತ್ತಿತ್ತು ಎಂಬುದೇ ನನಗೆ ಆಶ್ಚರ್ಯ.

ಕಡೆಗೆ ಮಾಮನ ಪುಸ್ತಕ. ಇದನ್ನೆಲ್ಲ ಓದಿದ ಮೇಲೆ ಧಾರವಾಡಕ್ಕೆ ಹೋದಾಗ ಅದನ್ನು ಹುಡುಕಿಸಿದೆ. ಅಂಗಡಿಯ ಪುಟಗಳಲ್ಲಿ 46.6, 49.3, 45.3, ಒಮ್ಮೊಮ್ಮೆ 44. ಮಧ್ಯೆ 2003ರ ಬೇಸಿಗೆಯ ಎರಡು ಪುಟ ಬೇರೆ. ಆ ವರ್ಷ ಮಾಮಾ ಪರೀಕ್ಷೆಯ ರಿಸಲ್ಟ್ ತೋರಿಸುವ ವ್ಯಾಪಾರ ಮಾಡೋಣವೆಂದು ಕಂಪ್ಯೂಟರ್ ಕಟ್ಟಿಕೊಂಡು ಅಜ್ಜನ ಮನೆಗೆ ಹೋಗಿದ್ದ. ನಂಬರಿಗೆ ಹತ್ತು ರೂಪಾಯಿ. ಅಲ್ಲಿ ಬರೆದದ್ದೆಲ್ಲ 31.2, 28.8, 31.2, 26.4. ಪಕ್ಕದ ಮನೆಯ ಫೋನಿನಲ್ಲೂ ಅಷ್ಟೇ. ಅಂಚಿನಲ್ಲಿ "ಹೊಸ ಮೋಡೆಮ್" ಅಂತ ಎರಡು ಸಲ ಬರೆದಿದೆ. ಮೋಡೆಮ್ ಕೆಟ್ಟಿದೆ ಅಂದುಕೊಂಡು ಧಾರವಾಡಕ್ಕೆ ಬಂದು ಬೇರೆ ತಂದಿದ್ದಾನೆ, ಅದೂ ಹಾಗೇ ಆದಾಗ ಇನ್ನೊಂದು. ರಿಸಲ್ಟಿನ ವ್ಯಾಪಾರದಲ್ಲಿ ಬಂದ ದುಡ್ಡು ಮೋಡೆಮ್‌ಗೇ ಹೋಯಿತಂತೆ.

ವಿ.90ರ ವೇಗಗಳು 8000ದ ಆರನೇ ಒಂದು ಪಾಲಿನ, ಅಂದರೆ 1333ರ ಮೆಟ್ಟಿಲುಗಳಲ್ಲಿ ಏರುತ್ತವೆ. ಹಳೆಯ 33.6ರ ಭಾಷೆಯ ಮೆಟ್ಟಿಲು 2400. 46,667 ಅಂದರೆ 1333ರ ಮೂವತ್ತೈದನೇ ಮೆಟ್ಟಿಲು, 49,333 ಮೂವತ್ತೇಳನೆಯದು. 31,200 ಅಂದರೆ 2400ರ ಹದಿಮೂರನೆಯದು, 28,800 ಹನ್ನೆರಡನೆಯದು, 26,400 ಹನ್ನೊಂದನೆಯದು. ಹಳ್ಳಿಯ ಒಂದು ಸಂಖ್ಯೆಯೂ 1333ರ ಸಾಲಿನಲ್ಲಿ ಇಲ್ಲ. ಅಂದರೆ ಅಲ್ಲಿ 56ರ ಭಾಷೆಯನ್ನು ಆಡಲು ಒಮ್ಮೆಯೂ ಸಾಧ್ಯವಾಗಿಲ್ಲ. ಟ್ರಂಕಿನಲ್ಲೋ, ಬಹಳ ಉದ್ದದ ಲೈನಿನಲ್ಲೋ, ಮಾಮನ ಕೈಗೆ ಸಿಗದ ಎಲ್ಲೋ ಒಂದು ಕಡೆ ತೊಡಕಿತ್ತು. ಯಾವ ಅಂಗಡಿಯ ಯಾವ ಮೋಡೆಮ್ ತಂದರೂ ಅಷ್ಟೇ ಬರುತ್ತಿತ್ತು.

ಪುಸ್ತಕ ಮುಂದಿಟ್ಟುಕೊಂಡು ಮಾಮನಿಗೆ ಇದನ್ನೆಲ್ಲ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾದ್ರ ಆ ಮೂರೂ ಮೋಡೆಮ್ ಚಲೋನ ಇದ್ದೂವೇನ ತಮ್ಮಾ?" ಅಂದ.

ಹೌದು ಮಾಮಾ ಅಂದೆ. ಮೂರೂ ಇನ್ನೂ ಅಟ್ಟದ ಮೇಲೆ ಇವೆಯಂತೆ.